ಪೂಲ್ ಕವರ್ ಮೇಲೆ ನಿಲ್ಲುವ ನೀರು: ಈ ಚಳಿಗಾಲದಿಂದ ಒಂದು ಬದಲಾವಣೆ

ನಮಸ್ಕಾರ,

ಈ ಸಲ ಸಾಲಿಡ್ ಕವರ್ (ನೀರು ಕೆಳಗೆ ಇಳಿಯದ ಹೊದಿಕೆ) ಇರುವ ಎಲ್ಲ ಮನೆಗಳಲ್ಲೂ ಚಳಿಗಾಲಕ್ಕೆ ಪೂಲ್ ಮುಚ್ಚುವ ದಿನವೇ ನಾವು ಕವರ್ ಮೇಲೆ ಒಂದು ಆಟೊಮ್ಯಾಟಿಕ್ ಪಂಪ್ ಇಟ್ಟು ಹೋಗುತ್ತೇವೆ. ಮಳೆ ಬಂದ ಮೇಲೆ ಫೋನ್ ಮಾಡಿ ನೀರು ತೆಗೆಸುವ ಪದ್ಧತಿ ಇನ್ನು ಇರುವುದಿಲ್ಲ. ಪಂಪಿಗೆ ಬೇರೆ ದುಡ್ಡಿಲ್ಲ, ಮುಚ್ಚುವ ಬಿಲ್‌ನಲ್ಲೇ ಸೇರಿದೆ. ಮೇ ತಿಂಗಳಲ್ಲಿ ಪೂಲ್ ತೆರೆಯಲು ಬಂದಾಗ ವಾಪಸ್ ತೆಗೆದುಕೊಂಡು ಹೋಗುತ್ತೇವೆ.

ಇಂಗ್ಲಿಷ್ ಪತ್ರ ನಿಮಗೆ ಇಮೇಲ್‌ನಲ್ಲಿ ಬಂದಿರುತ್ತದೆ. ಇದನ್ನು ಎಡಿಸನ್, ಪ್ಲೇನ್ಸ್‌ಬರೋ ಕಡೆಯ ನಮ್ಮ ಕನ್ನಡದ ಮನೆಗಳಿಗಾಗಿ ಬರೆಯುತ್ತಿದ್ದೇವೆ. ಹಗಲು ಹೊತ್ತು ಮನೆಯಲ್ಲಿ ಇರುವವರು ಎಷ್ಟೋ ಕಡೆ ಊರಿಂದ ಬಂದ ಅಪ್ಪ ಅಮ್ಮ. ಹಿತ್ತಲಲ್ಲಿ ಪಂಪ್ ಗುಂಯ್ ಅಂದರೆ ಮೊದಲು ಕೇಳಿಸುವುದು ಅವರಿಗೇ ಅಲ್ವಾ. ದಯವಿಟ್ಟು ಅವರಿಗೂ ಓದಲು ಕೊಡಿ.

ಯಾಕೆ ಈ ಬದಲಾವಣೆ? ನ್ಯೂಜೆರ್ಸಿಯಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ಡಿಸೆಂಬರ್ ಜನವರಿಯಲ್ಲೂ ಸುರಿಯುತ್ತದೆ. ಹಿಮ ಬಿದ್ದರೆ ಅದೂ ಕರಗಿ ನೀರೇ ಆಗುತ್ತದೆ. 10 ಇಂಚು ಹಿಮಕ್ಕೆ ಹೆಚ್ಚುಕಡಿಮೆ 1 ಇಂಚು ನೀರು. ಅಗಲ 16 ಅಡಿ, ಉದ್ದ 32 ಅಡಿ ಇರುವ ಪೂಲ್ ಮೇಲೆ 1 ಇಂಚು ಮಳೆ ಬಿದ್ದರೆ 1,200 ಲೀಟರ್ ನೀರು ನಿಲ್ಲುತ್ತದೆ, ಅಂದರೆ 1,200 ಕಿಲೋ ಭಾರ. ಊರಲ್ಲಿ ತಾರಸಿ ಮೇಲೆ ಇಡುವ ಸಾವಿರ ಲೀಟರ್ ಟ್ಯಾಂಕ್ ತುಂಬಿ ಮಿಗುವಷ್ಟು. ಮಳೆ ನಿಂತ ದಿನ ಎಲ್ಲರ ಫೋನೂ ಒಟ್ಟಿಗೇ ಬರುತ್ತದೆ. ಕೊನೆಯ ಮನೆಗೆ ನಾವು ತಲುಪುವಷ್ಟರಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು.

ಭಾರಕ್ಕಿಂತ ನಮಗೆ ಜಾಸ್ತಿ ಚಿಂತೆ ಮಕ್ಕಳದ್ದು. ಕವರ್ ಮೇಲೆ ನಿಂತ ಕೆಲವೇ ಇಂಚು ನೀರು ಪುಟ್ಟ ಮಗುವಿನ ಪ್ರಾಣಕ್ಕೆ ಸಾಕು. ಎಲೆ ಬಿದ್ದು ಕಪ್ಪಾದ ನೀರು ಆಳವಿಲ್ಲದ ಹೊಂಡದಂತೆ ಕಾಣುತ್ತದೆ, ಮಕ್ಕಳಿಗೆ ಅದು ಆಟದ ಜಾಗ. ಪಂಪ್ ಇದೆ ಅಂತ ಗೇಟ್ ತೆರೆದಿಡಬೇಡಿ. ಪಂಪ್ ನಿಂತ ಮೇಲೂ ಸ್ವಲ್ಪ ನೀರು ಉಳಿದೇ ಇರುತ್ತದೆ. ಗಾಳಿಗೆ ಕವರ್ ಎದ್ದು ಹಾರದ ಹಾಗೆ ಹಿಡಿಯಲು ಅಷ್ಟು ಬೇಕು ಕೂಡ. ಅದನ್ನೂ ಬಳಿದು ತೆಗೆಯಲು ಹೋಗಬೇಡಿ.

ಪಂಪ್ ನೀರು ಏರಿದಾಗ ತಾನೇ ಶುರುವಾಗಿ, ಇಳಿದಾಗ ತಾನೇ ನಿಲ್ಲುತ್ತದೆ. ಎಲೆ ಕಟ್ಟಿಕೊಳ್ಳದಿರಲಿ ಅಂತ ಅದನ್ನು ತೂತು ಕೊರೆದ ಪ್ಲಾಸ್ಟಿಕ್ ಕುಂಡದಲ್ಲಿ ಇಟ್ಟಿರುತ್ತೇವೆ. ಹೋಸ್ ಪೈಪಿನ ತುದಿ ಪೂಲಿನಿಂದ ದೂರ, ಇಳಿಜಾರಿನ ಕಡೆ ಇರಲಿ. ಪಕ್ಕದ ಮನೆಯವರ ಅಂಗಳಕ್ಕೆ ಮಾತ್ರ ಬಿಡಬೇಡಿ, ಜಗಳ ನಮ್ಮ ತನಕ ಬರುತ್ತದೆ!

ಒಂದು ವಿಷಯ ಗಮನವಿಟ್ಟು ಓದಿ. ಪಂಪ್ ಗಂಟೆಗಟ್ಟಲೆ ಓಡಿದರೂ ಮೇಲಿನ ನೀರು ಇಳಿಯದಿದ್ದರೆ ತಕ್ಷಣ ಪ್ಲಗ್ ತೆಗೆದು ನಮಗೆ ಫೋನ್ ಮಾಡಿ. ಕವರಿನಲ್ಲಿ ಎಲ್ಲೋ ತೂತಾಗಿರಬಹುದು. ಆಗ ಪಂಪ್ ಎಳೆಯುವುದು ಮಳೆ ನೀರನ್ನಲ್ಲ, ಒಳಗಿನ ಪೂಲ್ ನೀರನ್ನು. ಕವರ್ ನಿಂತಿರುವುದೇ ಕೆಳಗಿನ ನೀರಿನ ಆಸರೆಯಿಂದ. ಆ ನೀರು ಇಳಿದರೆ ಕವರ್ ಜೋತುಬೀಳುತ್ತದೆ, ಮೇಲಿನ ಭಾರವೆಲ್ಲ ಅಂಚಿಗೆ ಬೀಳುತ್ತದೆ, ಒಂದು ರಾತ್ರಿಯಲ್ಲಿ ಹರಿದುಹೋಗಬಹುದು. ವಿನೈಲ್ ಲೈನರ್ (ಪೂಲಿನ ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ) ಇರುವ ಪೂಲ್ ಆದರೆ ಲೈನರ್ ಜಾಗ ಬಿಟ್ಟು ಸುಕ್ಕಾಗುವ ಅಪಾಯ ಬೇರೆ. ಕವರಿಗಿಂತ ಲೈನರ್ ಬದಲಿಸುವ ಖರ್ಚು ಎಷ್ಟೋ ಪಾಲು ಹೆಚ್ಚು.

ನಾಲ್ಕೈದು ದಿನ ಹಗಲೂ ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್ (ಸೊನ್ನೆ ಸೆಲ್ಸಿಯಸ್) ಒಳಗೇ ಇರುತ್ತದೆ ಅಂತ ಹವಾಮಾನ ವರದಿ ಬಂದರೆ ಪ್ಲಗ್ ತೆಗೆದು, ಪಂಪನ್ನು ಅದಕ್ಕೆ ಕಟ್ಟಿರುವ ಹಗ್ಗದಿಂದ ದಡಕ್ಕೆ ಎಳೆದು ಗ್ಯಾರೇಜಿನಲ್ಲಿ ಇಡಿ. ಪೈಪಿನ ನೀರನ್ನೂ ಬಸಿದುಬಿಡಿ. ಕವರ್ ಮೇಲೆ ಕಾಲಿಡಬೇಡಿ. ಆಗಲೇ ಐಸ್ ಆಗಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಸುಮ್ನೆ ಬಿಡಿ. ಸಲಿಕೆ ತಂದು ಐಸ್ ಒಡೆಯುವುದು, ಬಿಸಿನೀರು ಸುರಿಯುವುದು ಯಾವುದೂ ಬೇಡ. ಕರಗಿದ ಮೇಲೆ ಪಂಪ್ ಮತ್ತೆ ಇಟ್ಟರಾಯಿತು.

ಮೆಶ್ ಕವರ್ ಇರುವವರಿಗೆ ಪಂಪ್ ಇಲ್ಲ. ಮಳೆ ನೀರು ಬಲೆಯ ಮೂಲಕ ಪೂಲಿಗೇ ಇಳಿಯುತ್ತದೆ. ಆದರೆ ಒಳಗಿನ ಮಟ್ಟ ಏರಿ ಕವರನ್ನು ಮುಟ್ಟಬಾರದು. ತಿಂಗಳಿಗೊಮ್ಮೆ ಅಂಚು ಎತ್ತಿ ನೋಡಿ, ನೀರು ಸ್ಕಿಮ್ಮರ್ ಬಾಯಿಯ (ಪೂಲಿನ ಗೋಡೆಯ ಮೇಲ್ಭಾಗದಲ್ಲಿ ನೀರು ಎಳೆದುಕೊಳ್ಳುವ ಕಿಂಡಿಯ) ಹತ್ತಿರ ಬಂದಿದ್ದರೆ ಹೇಳಿ. ಆ ಕೆಲಸಕ್ಕೆ ಮುಂಚಿನಂತೆ ನಾವೇ ಬರುತ್ತೇವೆ.

ಪಂಪಿಗೆ ಹೊರಗಡೆ ಜಿಎಫ್‌ಸಿಐ ಪ್ಲಗ್ ಪಾಯಿಂಟ್ (ಕರೆಂಟ್ ಸೋರಿದರೆ ತಕ್ಷಣ ತಾನೇ ಕಡಿತವಾಗುವಂಥದ್ದು) ಬೇಕೇ ಬೇಕು. ಮನೆಯೊಳಗಿಂದ ಕಿಟಕಿ ಸಂದಿಯಲ್ಲಿ ಎಕ್ಸ್‌ಟೆನ್ಷನ್ ವೈರ್ ಎಳೆದು ಕೊಡುತ್ತೇವೆ ಅಂದರೆ ನಾವು ಪಂಪ್ ಇಡುವುದಿಲ್ಲ. ಪಾಯಿಂಟ್ ಇಲ್ಲದವರು ಮುಚ್ಚುವ ದಿನಕ್ಕೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಅದಕ್ಕೆ ಸಮಯ ಬೇಕಾದರೆ ತಿಳಿಸಿ, ನಿಮ್ಮ ಮನೆಯನ್ನು ಪಟ್ಟಿಯಲ್ಲಿ ಕೊನೆಗೆ ಹಾಕಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಪೂಲ್ ಸರ್ವಿಸ್‌ನವರು