ಧೂಳು ಬಳಿದ ಮಾತ್ರಕ್ಕೆ ಹಳ್ಳಿಯಾಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಗ್ರಾಮೀಣ ದುಡಿಯುವ ಜನರ ಬದುಕನ್ನು ಕುರಿತ ಆಸ್ಟ್ರೇಲಿಯಾದ ಚಲನಚಿತ್ರಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಅಲ್ಲಿನವರು ತಂತ್ರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದೆ ಕ್ಯಾಮೆರಾವನ್ನು ನೇರವಾಗಿ ಬಯಲಿಗೆ ಒಯ್ದದ್ದರಿಂದಲೇ ಆ ಚಿತ್ರಗಳಿಗೆ ಸಹಜತೆ ಬಂದಿತೆಂಬ ಲೇಖಕರ ಅಭಿಪ್ರಾಯವನ್ನೂ, ಕನ್ನಡದ ನಿರ್ದೇಶಕರು ಅದೇ ದಾರಿ ಹಿಡಿಯಲೆಂಬ ಅವರ ಸಲಹೆಯನ್ನೂ ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಲೇಖಕರು ಮೆಚ್ಚಿ ಉದಾಹರಿಸಿದ 'ವೇಕ್ ಇನ್ ಫ್ರೈಟ್' ಚಿತ್ರವನ್ನೇ ನೋಡೋಣ. 1971ರ ಈ ಚಿತ್ರದ ಹೊರಾಂಗಣ ಚಿತ್ರೀಕರಣ ನಡೆದದ್ದು ನ್ಯೂ ಸೌತ್ ವೇಲ್ಸ್ ರಾಜ್ಯದ ಗಣಿ ಪಟ್ಟಣವಾದ ಬ್ರೋಕನ್ ಹಿಲ್‌ನಲ್ಲಿ. ರಜೆಗೆಂದು ಹೊರಟ ಶಾಲಾ ಮಾಸ್ತರನೊಬ್ಬ ಜೂಜಿನಲ್ಲಿ ಕೈ ಬರಿದು ಮಾಡಿಕೊಂಡು, ಆ ಊರಿನ ಗಂಡಸರ ಕುಡಿತದಲ್ಲಿಯೂ, ಬೇಡವೆಂದರೂ ಬಿಡದ ಅವರ ಆತಿಥ್ಯದಲ್ಲಿಯೂ ಸಿಕ್ಕಿಬೀಳುವುದು ಅದರ ಕಥೆ. ಕುಳಿತು ನೋಡುವವರಿಗೂ ಬೆವರು ಬರಬೇಕು, ಅಷ್ಟು ನಿಜವೆನಿಸುತ್ತದೆ ಅದರ ಸೆಕೆ. ಹಾಗಿದ್ದರೂ ಅದರ ಒಳಾಂಗಣ ದೃಶ್ಯಗಳನ್ನು ಚಿತ್ರಿಸಿದ್ದು ಸಿಡ್ನಿಯ ಸ್ಟುಡಿಯೋದಲ್ಲಿ. ನಿರ್ದೇಶಕ ಟೆಡ್ ಕಾಟ್ಚೆಫ್ ಅವರು ಹಸಿರು, ನೀಲಿಯಂತಹ ತಂಪು ಬಣ್ಣಗಳನ್ನು ದೂರವಿರಿಸಿ, ಕೆಂಪು, ಹಳದಿ, ಕಂದುಗಳನ್ನೇ ಆರಿಸಿಕೊಂಡರು; ಸೆಟ್ಟಿನ ಕೋಣೆಗಳಲ್ಲಿ ಧೂಳು ಹಾರಿಸಿದರು, ನೊಣಗಳನ್ನು ತಂದು ಬಿಟ್ಟರು. ಲೇಖಕರು ಸಹಜವೆಂದು ಹೊಗಳಿದ್ದು, ಹೀಗೆ, ಬಹಳ ಲೆಕ್ಕ ಹಾಕಿ ಮಾಡಿದ ಕಸುಬಿನ ಫಲ. ಮೇಲಾಗಿ ಕಾಟ್ಚೆಫ್ ಆಸ್ಟ್ರೇಲಿಯಾದವರೇ ಅಲ್ಲ, ಕೆನಡಾದವರು. ಆ ಕಾಲದ ಒಂದು ಪ್ರದರ್ಶನದಲ್ಲಿ ಪ್ರೇಕ್ಷಕನೊಬ್ಬ ಎದ್ದು ನಿಂತು ಇದು ನಾವಲ್ಲವೆಂದು ಕೂಗಿದಾಗ, ಚಿತ್ರದಲ್ಲಿ ನಟಿಸಿದ್ದ ಜ್ಯಾಕ್ ಥಾಂಪ್ಸನ್ ಅವನನ್ನು ಕೂಡ್ರಿಸಿ ಇದು ನಾವೇ ಎಂದರೆಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಚಿತ್ರದಲ್ಲಿ ಏನನ್ನೂ ಕಟ್ಟದೆ ನೇರವಾಗಿ ಚಿತ್ರಿಸಿದ ಭಾಗವೆಂದರೆ ಕಾಂಗರೂಗಳ ಬೇಟೆ. ಪರವಾನಗಿ ಪಡೆದ ಬೇಟೆಗಾರರು ನಡೆಸಿದ ನಿಜವಾದ ಬೇಟೆ ಅದು, ಮತ್ತು ಇಡೀ ಚಿತ್ರದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದೂ ಅದೇ. (ಈ ಚಿತ್ರದ ನೆಗೆಟಿವ್, ಅಂದರೆ ಮೂಲ ಫಿಲ್ಮ್ ಸುರುಳಿ, ಎಷ್ಟೋ ವರ್ಷ ಕಾಣೆಯಾಗಿದ್ದು, ಕೊನೆಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಾಶಪಡಿಸಲು ತೆಗೆದಿರಿಸಿದ್ದ ಡಬ್ಬಿಗಳ ನಡುವೆ ಸಿಕ್ಕಿತು. 2009ರಲ್ಲಿ ಪುನರುಜ್ಜೀವನಗೊಂಡ ಪ್ರತಿ ಬಾರದಿದ್ದರೆ ನಾವು ಈ ಚರ್ಚೆಯನ್ನೇ ಮಾಡುತ್ತಿರಲಿಲ್ಲ.)

ಲೇಖನದಲ್ಲಿ ಹೆಸರು ಕೂಡ ಬಾರದ 'ಸಂಡೇ ಟೂ ಫಾರ್ ಅವೇ' ಈ ವಿಷಯದಲ್ಲಿ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. 1972ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರ ಸ್ಥಾಪಿಸಿದ ಚಲನಚಿತ್ರ ನಿಗಮವು ತಯಾರಿಸಿದ ಮೊದಲ ಕಥಾಚಿತ್ರವಿದು. ಕೆನ್ ಹ್ಯಾನಮ್ ಅವರ ನಿರ್ದೇಶನದಲ್ಲಿ 1975ರಲ್ಲಿ ತೆರೆಕಂಡಿತು. ಕುರಿಗಳ ಉಣ್ಣೆ ಕತ್ತರಿಸುವ ಕೂಲಿಕಾರರು 1956ರ ಮುಷ್ಕರದವರೆಗೆ ಬಂದು ನಿಲ್ಲುವುದನ್ನು ಅದು ತೋರಿಸುತ್ತದೆ. ಅವರ ಕೂಲಿ ದಿನದ ಲೆಕ್ಕದ್ದಲ್ಲ, ಕತ್ತರಿಸಿದ ಕುರಿಗಳ ಲೆಕ್ಕದ್ದು. ಹಾಗಾಗಿ ಸಂಜೆ ಯಾರ ಲೆಕ್ಕ ಎಷ್ಟಾಯಿತೆಂಬುದರ ಮೇಲೆ ಅವರ ಮಾನ, ಗೆಳೆತನ, ಮತ್ಸರ ಎಲ್ಲವೂ ನಿಂತಿರುತ್ತವೆ. ಥಾಂಪ್ಸನ್ ಅವರು ವಹಿಸಿದ ಫೋಲಿಯ ಪಾತ್ರವು ಎಲ್ಲರಿಗಿಂತ ವೇಗದವನೆಂಬ ಹೆಸರನ್ನು ಉಳಿಸಿಕೊಳ್ಳಲು ಬೆನ್ನು ಮುರಿಯುವಂತೆ ದುಡಿಯುವಾಗ, ಕುರಿಯನ್ನು ಎಳೆದು ಮೊಣಕಾಲುಗಳ ನಡುವೆ ಹಿಡಿಯುವ ರೀತಿ, ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡುವ ಕ್ಷಣ, ಅಡುಗೆಯವನೊಡನೆ ನಡೆಯುವ ಜಗಳ ಇವೇ ಕಥೆಯಾಗುತ್ತವೆ. ಥಾಂಪ್ಸನ್ ಅವರು ಹರೆಯದಲ್ಲಿ ಒಳನಾಡಿನ ಜಾನುವಾರು ತೋಟಗಳಲ್ಲಿ (ದನಕರು ಸಾಕುವ ವಿಶಾಲ ಜಮೀನುಗಳಲ್ಲಿ) ಕೆಲಸ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂದಿರಬೇಕು. ಕೂಲಿಕಾರರು ಮುಷ್ಕರ ಹೂಡಿದ್ದು ಹಣಕ್ಕಿಂತ ಹೆಚ್ಚಾಗಿ ತಮಗಾದ ಅವಮಾನಕ್ಕಾಗಿ ಎಂದು ಕೊನೆಯಲ್ಲಿ ತೆರೆಯ ಮೇಲೆ ಬರುವ ಬರಹವು, ಅದುವರೆಗೆ ಕೆಲಸವನ್ನು ಅಷ್ಟು ವಿವರವಾಗಿ ಕಂಡವರಿಗೆ ಮಾತ್ರ ಅರ್ಥವಾಗುವಂಥದು. ಹಾಗೆಂದು ಚಿತ್ರ ನಿರ್ದೋಷವಲ್ಲ. ಸಂಕಲನದ ವಿಷಯದಲ್ಲಿ ನಿರ್ಮಾಪಕರಿಗೂ ನಿರ್ದೇಶಕರಿಗೂ ಮನಸ್ತಾಪವಾಗಿ ಬಹಳಷ್ಟು ಭಾಗ ಕತ್ತರಿಗೆ ಸಿಕ್ಕಿತು. ಜಮೀನ್ದಾರನ ಮಗಳ ಎಳೆ ಆರಂಭವಾಗಿ ಎಲ್ಲಿಯೂ ತಲುಪದೆ ಉಳಿಯುವುದು ಇಂದಿಗೂ ಎದ್ದು ಕಾಣುತ್ತದೆ. ಅಲ್ಲಿ ಸತ್ಯಕ್ಕೆ ಕೊರತೆಯಿಲ್ಲ, ಕಟ್ಟುವಿಕೆಗೆ ಕೊರತೆಯಾಗಿದೆ. ಎರಡೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು 1986ರ 'ಕ್ರೊಕೊಡೈಲ್ ಡಂಡೀ' ಚಿತ್ರವನ್ನು ಲೇಖಕರು ಇದೇ ಸಾಲಿನಲ್ಲಿ ಸೇರಿಸಿದ್ದು ನನಗೆ ಸರಿಕಾಣಲಿಲ್ಲ. ಅದು ರಂಜಿಸುವ ಚಿತ್ರ, ಸರಿ. ಆದರೆ ಅಲ್ಲಿನ ಹಳ್ಳಿಗನು ಪಟ್ಟಣದವರು ನೋಡಿ ನಗಲೆಂದೇ ಹುಟ್ಟಿದವನು. ಅದರ ಬದಲು ಮಧ್ಯ ಆಸ್ಟ್ರೇಲಿಯಾದ ಅಲಿಸ್ ಸ್ಪ್ರಿಂಗ್ಸ್‌ನವರೇ ಆದ, ಮೂಲನಿವಾಸಿ ನಿರ್ದೇಶಕ ವಾರ್ವಿಕ್ ಥಾರ್ನ್ಟನ್ ಅವರ 'ಸ್ಯಾಮ್ಸನ್ ಅಂಡ್ ಡಿಲೈಲಾ'ಗೆ ಜಾಗ ಕೊಡಬಹುದಿತ್ತು. ಎಂದೂ ನಟಿಸಿರದ ಇಬ್ಬರು ಎಳೆಯರನ್ನು ಮುಖ್ಯ ಪಾತ್ರಗಳಲ್ಲಿಟ್ಟು, ಮಾತನ್ನು ಬಹುತೇಕ ಬಿಟ್ಟುಕೊಟ್ಟು ಮಾಡಿದ ಆ ಚಿತ್ರಕ್ಕೆ 2009ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಮೀಸಲಾದ ಕ್ಯಾಮೆರಾ ಡಿ'ಓರ್ ಪ್ರಶಸ್ತಿ ಬಂದಿತು. ಜಾನುವಾರು ತೋಟಗಳಲ್ಲಿ ಮೂಲನಿವಾಸಿಗಳು ಬಹುಕಾಲ ಬಿಳಿಯರಿಗಿಂತ ಬಹಳ ಕಡಿಮೆ ಕೂಲಿಗೆ ದುಡಿದರು; 1966ರಲ್ಲಿ ಅಂಥ ತೋಟವಾದ ವೇವ್ ಹಿಲ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಅವರ ನೇತೃತ್ವದಲ್ಲಿ ಗುರಿಂಜಿ ಮೂಲನಿವಾಸಿ ಜನ ಕೆಲಸ ಬಿಟ್ಟು ಹೊರನಡೆದದ್ದು ಇತಿಹಾಸ. ಆ ದೇಶದ ಗ್ರಾಮೀಣ ದುಡಿಮೆಯ ಚಿತ್ರಗಳ ಬಗ್ಗೆ ಬರೆಯುವಾಗ ಇವರನ್ನು ಕೈಬಿಡುವಂತಿಲ್ಲ.

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳವರಾದ ನಮಗೆ ಇದು ದೂರದ ಮಾತೆನಿಸುವುದಿಲ್ಲ. ನಮ್ಮ ಕಡೆಯ ಹಳ್ಳಿಯೆಂದು ತೆರೆಯ ಮೇಲೆ ಬರುವುದು ಸಾಮಾನ್ಯವಾಗಿ ಒಂದು ರುಮಾಲು, ಒಂದು ಚಕ್ಕಡಿ, ಒಂದಿಷ್ಟು ಕೆಂಪು ಧೂಳು, ಮತ್ತು ನಗಿಸಲೆಂದು ಎಳೆದೆಳೆದು ಆಡಿಸುವ ನಮ್ಮ ಮಾತು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಚೀಲಕ್ಕೆ ಇಷ್ಟೆಂದು ದುಡಿಯುವುದು, ಬ್ಯಾಡಗಿಯಲ್ಲಿ ಹೆಣ್ಣುಮಕ್ಕಳು ಘಾಟಿನ ನಡುವೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದೇ ಹೂವಿಗೆ ಕೈಯಿಂದ ಪರಾಗ ಹಚ್ಚಿ ಕ್ರಾಸಿಂಗ್ ಮಾಡುವುದು, ಕುರಿಗಾರರು ಕಂಡವರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರಕ್ಕೆ ಎಷ್ಟು ಕೊಡುತ್ತೀರೆಂದು ಚೌಕಾಸಿ ಮಾಡುವುದು, ಇವುಗಳಲ್ಲಿ ಯಾವುದಾದರೂ ಒಂದು ಕಥೆಯ ಬೆನ್ನೆಲುಬಾದ ಚಿತ್ರವನ್ನು ನೆನಪಿಸಿಕೊಳ್ಳಲು ಹೊರಟರೆ ಬಹಳ ಹೊತ್ತು ಯೋಚಿಸಬೇಕಾಗುತ್ತದೆ. ಇವನ್ನು ತೋರಿಸಲು ಕ್ಯಾಮೆರಾವನ್ನು ಊರಿಗೆ ತಂದರಷ್ಟೇ ಸಾಲದು. ಕೆಲಸವನ್ನು ಅರಿತ ಬರಹಗಾರ, ಕೈ ಪಳಗುವವರೆಗೆ ಕಲಿಯುವ ನಟ, ಸ್ಥಳದಲ್ಲಿಯೇ ಧ್ವನಿ ಹಿಡಿಯುವ ತಂತ್ರಜ್ಞ, ಇವರಿಗೆ ಸಮಯ ಮತ್ತು ಹಣ ಬೇಕು. ತಂತ್ರ ಬೇಡವೆಂಬ ಸಲಹೆಯು ಕೊನೆಗೆ ಕಡಿಮೆ ಖರ್ಚಿನಲ್ಲಿ ಮುಗಿಸುವವರಿಗೆ ನೆಪವಾದೀತು.

ಆದ್ದರಿಂದ ತಮ್ಮ ಪತ್ರಿಕೆಯ ವಿಮರ್ಶಕರಲ್ಲಿ ನನ್ನದೊಂದು ಕೋರಿಕೆ. ಹಳ್ಳಿಯ ಚಿತ್ರವನ್ನು ವಿಮರ್ಶಿಸುವಾಗ ಪಾತ್ರಗಳು ಏನು ಕೆಲಸ ಮಾಡುತ್ತವೆ, ಕೂಲಿ ಯಾರು ಕೊಡುತ್ತಾರೆ, ಆ ಕೆಲಸ ತೆರೆಯ ಮೇಲೆ ಎಷ್ಟು ಹೊತ್ತು ಕಾಣಿಸುತ್ತದೆ ಎಂಬುದನ್ನೂ ನಾಲ್ಕು ಸಾಲು ಬರೆಯಲಿ. ಧಾರವಾಡ, ಹುಬ್ಬಳ್ಳಿಗಳಲ್ಲಿ ಚಲನಚಿತ್ರ ಪ್ರದರ್ಶನಗಳನ್ನು ಏರ್ಪಡಿಸುವ ಆಸಕ್ತರು ಮೇಲೆ ಹೇಳಿದ 1975ರ ಚಿತ್ರವನ್ನು ಕನ್ನಡ ಉಪಶೀರ್ಷಿಕೆಯೊಡನೆ ತೋರಿಸಿದರೆ, ಉಣ್ಣೆಯ ಕೆಲಸ ಬಲ್ಲ ನಮ್ಮ ಕುರಿಗಾರರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಚಿತ್ರ ಮುಗಿದ ಮೇಲೆ ಮೊದಲು ಅವರ ಅಭಿಪ್ರಾಯವನ್ನೇ ಕೇಳಲಿ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಹಾವೇರಿ