ಯಾರೂ ಹೆಸರು ಕರೆಯಲಿಲ್ಲವೆಂದು ನೀನು ಬರೆದದ್ದಕ್ಕೆ

ಚಿರಂಜೀವಿ ನಿಖಿಲನಿಗೆ ವಾಟ್‌ಫರ್ಡ್‌ನಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ವಿಷಯಗಳಿಗೆ ಇನ್ನೊಮ್ಮೆ ಉತ್ತರಿಸುತ್ತೇನೆ. ಕಾಲೇಜಿನ ಫುಟ್‌ಬಾಲ್ ಆಟಗಾರರನ್ನು ಅಮೆರಿಕದ ವೃತ್ತಿಪರ ತಂಡಗಳು ಹೆಸರು ಕರೆದು ಆರಿಸಿಕೊಳ್ಳುವ ಡ್ರಾಫ್ಟ್ ಬಗ್ಗೆ ಕೊನೆಯಲ್ಲಿ ನೀನು, "ಡ್ರಾಫ್ಟ್‌ನಲ್ಲಿ ನನ್ನ ಹೆಸರನ್ನು ಯಾರೂ ಕರೆಯಲಿಲ್ಲ ಮಾವ, ಇಷ್ಟು ವರ್ಷ ನಾನು ಆಡಿದ್ದೆಲ್ಲ ಸುಳ್ಳೇನೋ ಎಂದು ಭಯವಾಗುತ್ತದೆ" ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಅದಕ್ಕಾಗಿಯೇ ಈ ಕಾಗದ.

ನೀನು ಇರುವ ಚಿಕಾಗೋದಲ್ಲೇ, ಇಲಿನಾಯ್ ವಿಶ್ವವಿದ್ಯಾಲಯದ ತಂಡದಲ್ಲಿ, ನಿನ್ನಂತೆಯೇ ಡಿಫೆಂಡರ್ ಆಗಿ ಜೇ ಡಿಮೆರಿಟ್ ಎಂಬ ಹುಡುಗನಿದ್ದ. ವಿಸ್ಕಾನ್ಸಿನ್‌ನ ಗ್ರೀನ್ ಬೇ ಅವನ ಊರು. ಓದು ಮುಗಿದಾಗ ಅವನ ಹೆಸರನ್ನೂ ಅಮೆರಿಕದ ಯಾವ ತಂಡವೂ ಕರೆಯಲಿಲ್ಲ. 2003ರಲ್ಲಿ 1,800 ಡಾಲರ್ ಇಟ್ಟುಕೊಂಡು ಅವನು ಲಂಡನ್ನಿಗೆ ಬಂದ. ಅಜ್ಜ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ಡೆನ್ಮಾರ್ಕಿನವರಾದ್ದರಿಂದ ಇಲ್ಲಿ ದುಡಿಯಲು ಅವನಿಗೆ ಪರವಾನಗಿ ಸಿಕ್ಕಿತ್ತು. ಸೌಥಾಲ್ ಎಂಬ ತಂಡದಲ್ಲಿ, ಮೇಲಿನಿಂದ ಎಣಿಸಿದರೆ ಒಂಬತ್ತನೆಯ ಹಂತದ ಲೀಗ್‌ನಲ್ಲಿ, ವಾರಕ್ಕೆ 40 ಪೌಂಡಿಗೆ ಆಡಿದ. ಆ ಹಂತದ ಪಂದ್ಯಗಳನ್ನು ನಾನು ನೋಡಿದ್ದೇನೆ. ಕೆಸರಿನ ಅಂಗಳದ ಸುತ್ತ ಐವತ್ತು ಜನ ನಿಂತಿದ್ದರೆ ಹೆಚ್ಚು. ಆ ಚಳಿಗಾಲದಲ್ಲಿ ಅವನಿಗೂ ನಿನಗೆ ಬಂದ ಭಯ ಬಂದಿರಲೇಬೇಕು ಎಂದು ನನಗೆ ಅನಿಸುತ್ತದೆ.

2004ರ ಬೇಸಿಗೆಯಲ್ಲಿ ನಾರ್ತ್‌ವುಡ್ ಎಂಬ ಸಣ್ಣ ತಂಡದ ಪರವಾಗಿ ನಮ್ಮ ವಾಟ್‌ಫರ್ಡ್ ವಿರುದ್ಧ ಅವನು ಒಂದು ಸೌಹಾರ್ದ ಪಂದ್ಯ ಆಡಿದ. ಆಗ ವಾಟ್‌ಫರ್ಡಿನ ತರಬೇತುದಾರರಾಗಿದ್ದ ರೇ ಲೂಯಿಂಗ್ಟನ್ ಅವನನ್ನು ಪರೀಕ್ಷೆಗೆ ಕರೆದು, ಒಂದು ವರ್ಷದ ಒಪ್ಪಂದ ಕೊಟ್ಟರು. ಎರಡು ವರ್ಷಗಳಲ್ಲಿ, 2006ರ ಮೇ 21ರಂದು ಕಾರ್ಡಿಫ್‌ನಲ್ಲಿ, ಇಲ್ಲಿಯ ಅತ್ಯುನ್ನತ ಹಂತವಾದ ಪ್ರೀಮಿಯರ್ ಲೀಗ್‌ಗೆ ಏರಲು ಲೀಡ್ಸ್ ತಂಡದ ವಿರುದ್ಧ ನಡೆದ ಪ್ಲೇಆಫ್ ಅಂತಿಮ ಪಂದ್ಯದಲ್ಲಿ, ಆಶ್ಲೀ ಯಂಗ್ ಅಂಗಳದ ಮೂಲೆಯಿಂದ ಒದ್ದ ಕಾರ್ನರ್ ಚೆಂಡಿಗೆ ತಲೆ ಕೊಟ್ಟು ಮೊದಲ ಗೋಲು ಹೊಡೆದವನು ಅವನೇ. ವಾಟ್‌ಫರ್ಡ್ 3-0 ಅಂತರದಲ್ಲಿ ಗೆದ್ದಿತು.

ಆ ಪಂದ್ಯವನ್ನು ನಾನು ಮನೆಯ ಟಿ.ವಿ.ಯಲ್ಲಿ ನೋಡಿದೆ. ಪಕ್ಕದಲ್ಲಿ ಹದಿನೇಳು ವರ್ಷದ ನಮ್ಮ ಅರವಿಂದ ಕುಳಿತಿದ್ದ. ಅದಕ್ಕೆ ಎರಡು ವರ್ಷ ಮೊದಲು ಇಲ್ಲಿಯ ಒಂದು ಕ್ಲಬ್ಬಿನ ಕಿರಿಯರ ತಂಡದಿಂದ ಅವನನ್ನು ಕೈಬಿಟ್ಟಿದ್ದರು ಎಂಬುದು ನಿನ್ನ ಅಮ್ಮನಿಗೆ ಗೊತ್ತು. ಆ ಸಂಜೆ ಅವನು ಬೂಟಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ನಾನು ಆಡಿದ ಮಾತು ಮಾತ್ರ ಯಾರಿಗೂ ಗೊತ್ತಿಲ್ಲ. "ನಾನು ಮೊದಲೇ ಹೇಳಲಿಲ್ಲವೇ" ಎಂದೆ. ಅವನು ಮತ್ತೆ ಚೆಂಡು ಮುಟ್ಟಲಿಲ್ಲ. ಡಿಮೆರಿಟ್ ಗೋಲು ಹೊಡೆದಾಗ ಅರವಿಂದ ಚಪ್ಪಾಳೆ ತಟ್ಟಿ, ಎದ್ದು ಒಳಗೆ ಹೋದ. ಹಿಂದೆಯೇ ಹೋಗಬೇಕಿತ್ತು, ನಾನು ಹೋಗಲಿಲ್ಲ.

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. 1977ರಲ್ಲಿ ಬೆಂಗಳೂರಿನಲ್ಲಿ, ಗೌತಮಪುರದ ಹುಡುಗರೊಡನೆ ಆಡುತ್ತಿದ್ದ ನಾನು ಒಂದು ತಂಡದ ಆಯ್ಕೆಗೆ ಹೋಗಿದ್ದೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಏನು ಕಡಿಮೆಯಾಯಿತೆಂದು ಯಾರನ್ನೂ ಕೇಳದೆ ಮನೆಗೆ ಬಂದು ಬೂಟನ್ನು ಅಟ್ಟಕ್ಕೆ ಎಸೆದೆ. ನಿನ್ನ ಹಾಗೆ ನಾನೂ ಅಂದು, ಆಡಿದ್ದೆಲ್ಲ ಸುಳ್ಳು ಎಂದುಕೊಂಡೆ. ಹಾಗೆಂದು ಯಾರಿಗೂ ಬರೆಯುವ ಧೈರ್ಯ ನನಗಿರಲಿಲ್ಲ, ನೀನು ಬರೆದಿದ್ದೀಯೆ.

ಡಿಮೆರಿಟ್‌ನ ಕಥೆಯಿಂದ ನಿನಗೂ ಹಾಗೇ ಆಗುತ್ತದೆಂದು ನಾನು ಹೇಳಲಾರೆ. ಸೂಟ್‌ಕೇಸ್ ಹಿಡಿದು ಬಂದು ಬರಿಗೈಯಲ್ಲಿ ಮರಳಿದವರ ಹೆಸರು ನಮಗೆ ತಿಳಿಯುವುದೇ ಇಲ್ಲ. ಅವನಿಗೂ ಎಲ್ಲವೂ ಸಲೀಸಾಗಲಿಲ್ಲ. ಪ್ರೀಮಿಯರ್ ಲೀಗ್‌ಗೆ ಏರಿದ ಮರುವರ್ಷವೇ ವಾಟ್‌ಫರ್ಡ್ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. 2009ರಲ್ಲಿ ಕಾಂಟ್ಯಾಕ್ಟ್ ಲೆನ್ಸಿನಿಂದ ಕಣ್ಣು ಗೀರಿ, ಸೋಂಕು ತಗುಲಿ, ಕಾರ್ನಿಯಾ ಬದಲಿಸಬೇಕಾಯಿತು. ಆದರೂ 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ 1-1ರ ಪಂದ್ಯದಿಂದ ಹಿಡಿದು ಘಾನಾ ಎದುರಿನ ಸೋಲಿನವರೆಗೆ ಅಮೆರಿಕದ ನಾಲ್ಕೂ ಪಂದ್ಯಗಳಲ್ಲಿ ಆಡಿದ. ನಾನು ಹೇಳಬೇಕೆಂದಿರುವುದು ಇಷ್ಟೇ: ಕಾರ್ಡಿಫ್‌ನಲ್ಲಿ ಗೋಲು ಹೊಡೆದವನೂ ಸೌಥಾಲ್‌ನ ಕೆಸರಿನಲ್ಲಿ ಓಡಿದವನೂ ಒಬ್ಬನೇ. ಲೂಯಿಂಗ್ಟನ್ ಅವನನ್ನು ನೋಡದೇ ಹೋಗಿದ್ದರೂ ಆ ಕೆಸರಿನ ಆಟ ನಿಜವೇ ಆಗಿರುತ್ತಿತ್ತು. ನಿನ್ನ ಆಟವೂ ನಿಜವೇ, ಮಗು.

ಉಪಾಯ ಹೇಳುವಷ್ಟು ನನಗೆ ತಿಳಿಯದು, ತಪ್ಪಿದ್ದರೆ ಬಿಟ್ಟುಬಿಡು. ಅವನ ದಾರಿ ಹಿಡಿದು ಇಲ್ಲಿಗೆ ಬರಬೇಡ. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟ ಮೇಲೆ ಅವನು ಹೊಕ್ಕ ಬಾಗಿಲು ಮುಚ್ಚಿದೆ, ನಿನಗೆ ಡೆನ್ಮಾರ್ಕಿನ ಅಜ್ಜನೂ ಇಲ್ಲ. ಅಲ್ಲೇ ಅಮೆರಿಕದ ಕೆಳಹಂತದ ಲೀಗ್ ಆದ ಯುಎಸ್ಎಲ್‌ನ ತಂಡಗಳು ನಡೆಸುವ ಮುಕ್ತ ಆಯ್ಕೆಗಳಿಗೆ ಹೋಗಬಹುದೇನೋ. ಏನು ಕಡಿಮೆಯಾಯಿತೆಂದು ನಿನ್ನ ಕೋಚನ್ನು ಒಮ್ಮೆ ನೇರವಾಗಿ ಕೇಳು. ನೀನೂ ಲೆನ್ಸ್ ಹಾಕುತ್ತೀಯೆ, ಕೈ ತೊಳೆಯದೆ ಮುಟ್ಟಬೇಡ.

ಮುಂದಿನ ಆಯ್ಕೆ ಯಾವ ದಿನವೆಂದು ತಿಳಿಸು. ಆ ದಿನ ಎಷ್ಟು ಹೊತ್ತಾದರೂ ನಾನು ಎಚ್ಚರವಾಗಿರುತ್ತೇನೆ. ಕರೆದರೂ ಸರಿ, ಕರೆಯದಿದ್ದರೂ ಸರಿ, ಮೊದಲು ನನಗೆ ಫೋನ್ ಮಾಡು. ಅರವಿಂದನಿಗೆ ಆಡಿದ ಮಾತನ್ನು ನಿನಗೆ ಆಡುವುದಿಲ್ಲ.

ಇತಿ ನಿನ್ನ ಮಾವ