ಮತ್ತೆ ಮತ್ತೆ ಚರ್ಮ ಹರಿಯುವ ನಾಯಿಯಿಂದ ಮರಿ ಮಾಡಿಸಬೇಡಿ

ಮಾನ್ಯರೇ,

ಕಾಫಿ ತೋಟದ ನಾಯಿಗೆ ಗಾಯವಾದರೆ ನಾವು ದೂರುವುದು ತಂತಿಬೇಲಿಯನ್ನು, ಇಲ್ಲವೇ ಲಂಟಾನದ ಮುಳ್ಳನ್ನು. ಬಹಳ ಸಲ ಅದು ಸರಿಯೇ. ಆದರೆ ಎಳೆಯ ಮರಿಯೊಂದರ ಚರ್ಮ ಆಟವಾಡುವಾಗಲೇ ಹರಿದು, ಗಾಯ ಮೀನಿನ ಬಾಯಿಯಂತೆ ತೆರೆದುಕೊಂಡೂ ರಕ್ತ ಹೆಚ್ಚು ಬಾರದೆ, ಇದೇ ಪದೇ ಪದೇ ಆಗುತ್ತಿದ್ದರೆ ಎಲರ್ಸ್-ಡ್ಯಾನ್ಲಸ್ ಎಂಬ ವಂಶವಾಹಿ ಕಾಯಿಲೆಯನ್ನು ಅನುಮಾನಿಸಬೇಕು. ಚರ್ಮಕ್ಕೂ ಕೀಲುಗಳಿಗೂ ಬಿಗಿ ಕೊಡುವ ಕೊಲಾಜೆನ್ ನಾರು ಇದರಲ್ಲಿ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಮಾಯ್ದ ಗಾಯದ ಜಾಗ ತೆಳು ಕಾಗದದಂತೆ ಸುಕ್ಕುಗಟ್ಟುತ್ತದೆ. ಕೆಲವು ನಾಯಿಗಳ ಕೀಲು ಸಡಿಲವಾಗಿರುತ್ತದೆ, ಮೊಣಕೈ ಮೇಲೆ ನೀರುಗುಳ್ಳೆ ಬರುತ್ತದೆ.

ಒಂದು ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ಸೊಂಟದ ಮೇಲಿನ ಚರ್ಮವನ್ನು ಮೆಲ್ಲಗೆ ಮೇಲೆತ್ತಿ, ಮಡಿಕೆಯ ಎತ್ತರ ನೋಡಿ. ಅದನ್ನು ತಲೆಬುರುಡೆಯ ಹಿಂದಿನ ಉಬ್ಬಿನಿಂದ ಬಾಲದ ಬುಡದವರೆಗಿನ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. 60 ಸೆಂ.ಮೀ. ಉದ್ದದ ನಾಯಿಯಲ್ಲಿ ಮಡಿಕೆ 9 ಸೆಂ.ಮೀ. ಎದ್ದರೆ ಅದು ಶೇ 15. ನಾಯಿಗಳಲ್ಲಿ ಶೇ 14.5 ದಾಟಿದರೆ ಕಾಯಿಲೆಯ ಸಂಶಯ ಬಲವಾಗುತ್ತದೆ. ಈಗಾಗಲೇ ಗಾಯವಿರುವ ಕಡೆ ಎಳೆಯಲೇಬೇಡಿ. ವಯಸ್ಸಾದ ನಾಯಿಯ ಚರ್ಮ ಹೊಸದಾಗಿ ತೆಳುವಾಗಿದ್ದರೆ ಕಾರಣ ಬೇರೆ: ದೇಹದಲ್ಲೇ ಸ್ಟಿರಾಯ್ಡ್ ಹಾರ್ಮೋನು ಅತಿಯಾಗುವ ಕುಶಿಂಗ್ಸ್ ಕಾಯಿಲೆ ಇರಬಹುದು, ತುಂಬ ದಿನ ಕೊಟ್ಟ ಸ್ಟಿರಾಯ್ಡ್ ಇರಬಹುದು. ತುಂಡು ಚರ್ಮದ ಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲೂ ಆಗದು. ಹಾಗಾಗಿ ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ತೋರಿಸುವುದು ಮೇಲು.

ವಾಸಿ ಮಾಡುವ ಔಷಧಿ ಇಲ್ಲ. ವಿಟಮಿನ್ ಸಿ ಕೊಡುವುದುಂಟು, ಅದನ್ನೇ ನಂಬಿ ಕೂರುವಂತಿಲ್ಲ. ಕಾಪಾಡುವುದು ಎಚ್ಚರ ಮಾತ್ರ. ಕುತ್ತಿಗೆ ಬೆಲ್ಟಿನ ಬದಲು ಒಳಗೆ ಮೆತ್ತೆಯಿರುವ ಅಗಲ ಎದೆಪಟ್ಟಿ ಹಾಕಿ. ದಪ್ಪ ಹಾಸಿಗೆ ಕೊಡಿ, ಉಗುರು ಗಿಡ್ಡವಾಗಿರಲಿ, ಒರಟಾಗಿ ಆಡುವ ನಾಯಿಗಳ ಜೊತೆ ಬಿಡಬೇಡಿ. ಉಣ್ಣಿ, ಚಿಗಟ ಬಾರದಂತೆ ನೋಡಿಕೊಳ್ಳಿ. ಕೆರೆದುಕೊಂಡರೂ ಚರ್ಮ ಹರಿಯುತ್ತದೆ. ಅಂಟುವ ಪ್ಲಾಸ್ಟರ್ ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ತುರಿಕೆಗೆಂದು ಅಂಗಡಿಯಿಂದ ಸ್ಟಿರಾಯ್ಡ್ ತಂದು ಹಚ್ಚಬೇಡಿ, ತೆಳು ಚರ್ಮ ಇನ್ನೂ ತೆಳುವಾಗುತ್ತದೆ.

ನಿಜವಾದ ಕಳವಳ ಮರಿಗಳದ್ದು. ಬಹಳಷ್ಟು ಸಂದರ್ಭಗಳಲ್ಲಿ ಕಾಯಿಲೆಯ ಒಂದೇ ನಾಯಿ ಸಾಕು, ಸರಾಸರಿ ಅರ್ಧ ಮರಿಗಳಿಗೆ ಅದು ದಾಟುತ್ತದೆ. ಡಾಬರ್‌ಮನ್‌ನಲ್ಲಿ ಕಂಡ ಒಂದು ಬಗೆ ಹಾಗಲ್ಲ. ಅಲ್ಲಿ ತಂದೆತಾಯಿ ಇಬ್ಬರೂ ನೋಡಲು ಆರೋಗ್ಯವಾಗಿದ್ದು, ದೋಷವನ್ನು ಒಳಗೇ ಹೊತ್ತಿರುತ್ತವೆ. ಆದ್ದರಿಂದ ಕಾಯಿಲೆಯ ನಾಯಿಯನ್ನಷ್ಟೇ ಅಲ್ಲ, ಅದರ ಹೆತ್ತವರನ್ನೂ ಒಡಹುಟ್ಟುಗಳನ್ನೂ ಕ್ರಾಸ್ ಮಾಡಿಸಬಾರದು. ಮರಿ ಮಾರಿದವರಿಗೆ ಈ ವಿಷಯ ತಿಳಿಸಿ. ಉಳಿದ ಮರಿಗಳನ್ನು ಕೊಂಡವರ ವಿಳಾಸ ಅವರ ಬಳಿಯೇ ಇರುತ್ತದೆ. ಸಂತಾನಹರಣ ಮಾಡಿಸುವಾಗ ವೈದ್ಯರಿಗೆ ಮುಂಚೆಯೇ ಹೇಳಿ, ಕೂದಲು ಬೋಳಿಸುವಾಗಲೇ ಚರ್ಮ ಹರಿಯಬಹುದು.

– ಒಬ್ಬ ಪಶುವೈದ್ಯ, ಚಿಕ್ಕಮಗಳೂರು